ಕೆಸ್ವಿಕ್‌ನ ಸರೋವರ ಸುತ್ತಲು ಎಷ್ಟು ಹೊತ್ತು?

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೊರಟಿದ್ದೇವೆ. ಲೇಕ್ ಡಿಸ್ಟ್ರಿಕ್ಟ್‌ನ ಕೆಸ್ವಿಕ್ ಪಟ್ಟಣದ ಸುತ್ತ ನಡೆಯುವಾಸೆ. ಯಾವ ದಾರಿಗೆ ಎಷ್ಟು ಹೊತ್ತು ಬೇಕೆಂದು ಮೊದಲೇ ತಿಳಿಯುವುದು ಹೇಗೆ?

ಉತ್ತರ: ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾನೆ. ಈಗಿನ ಅಳತೆಯಲ್ಲಿ 5 ಕಿ.ಮೀ.ಗೆ ಒಂದು ಗಂಟೆ. 600 ಮೀಟರ್ ಏರಿದ್ದರೆ ಇನ್ನೊಂದು ಗಂಟೆ. ಡರ್ವೆಂಟ್‌ವಾಟರ್ ಸರೋವರದ ಸುತ್ತು ಸುಮಾರು 16 ಕಿ.ಮೀ., ಏರು ಕಡಿಮೆ. ಮೂರೂವರೆ ಗಂಟೆ ಸಾಕು ಎನ್ನುತ್ತದೆ ಸೂತ್ರ. ನಂಬಬೇಡಿ! ಬುತ್ತಿ ಬಿಚ್ಚುವುದು, ಫೋಟೊಗೆ ನಿಲ್ಲುವುದು ಅದರಲ್ಲಿ ಸೇರಿಲ್ಲ. ಐದು ಗಂಟೆ ಇಟ್ಟುಕೊಳ್ಳಿ. ಕಾಲು ಸೋತರೆ ದಡದಲ್ಲಿ ಅಲ್ಲಲ್ಲಿ ನಿಲ್ಲುವ ಲಾಂಚ್ ಹತ್ತಿ ಪಟ್ಟಣಕ್ಕೆ ಮರಳಬಹುದು. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಬೆಳಿಗ್ಗೆಯೇ ಕೇಳಿಡಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗಿರುತ್ತಾನೆ.

ನನ್ನನ್ನು ಕೇಳಿದರೆ, ಮೊದಲ ದಿನಕ್ಕೆ ಗ್ರೀಟಾ ಹೊಳೆಯ ಗುಂಟ ಥ್ರೆಲ್ಕೆಲ್ಡ್ ಹಳ್ಳಿಗೆ ಹೋಗುವ ದಾರಿಯೇ ವಾಸಿ. ಸುಮಾರು 5 ಕಿ.ಮೀ., 1972ರಲ್ಲಿ ಮುಚ್ಚಿದ ರೈಲು ಹಾದಿಯಾದ್ದರಿಂದ ಏರು ತೀರಾ ನಿಧಾನ, ಮಂಡಿನೋವಿನವರಿಗೂ ಸಲ್ಲುತ್ತದೆ. 2015ರ ಡೆಸ್ಮಂಡ್ ಬಿರುಗಾಳಿ ತಂದ ನೆರೆಯಲ್ಲಿ ಕೊಚ್ಚಿಹೋಗಿದ್ದ ಈ ದಾರಿ ಪೂರ್ತಿ ತೆರೆದದ್ದು 2020ರಲ್ಲಿ. ಕಾಡು ಬೇಕೆಂದರೆ ವಿನ್‌ಲ್ಯಾಟರ್‌ಗೆ ಹೋಗಿ, ಅಲ್ಲಿ ದಾರಿಗುರುತುಗಳಿವೆ. ಆದರೂ 1:25,000 ಪ್ರಮಾಣದ ಆರ್ಡ್‌ನೆನ್ಸ್ ಸರ್ವೆ ನಕ್ಷೆ ಚೀಲದಲ್ಲಿರಲಿ, ಮಳೆಯಂಗಿಯೂ.