ಹಳೆಯ ಜೀಪಿಗೆ ಟರ್ಬೋ ಲೇಸೋ, ಬೇರೆ ಎಂಜಿನ್ ಲೇಸೋ?

ಜೋಯಿಡಾ ಮಾರ್ಗವಾಗಿ ಅಣಶಿ ಘಟ್ಟವನ್ನೇರಿ ದಾಂಡೇಲಿಗೆ ಮರಳುವ ಹಳೆಯ ಪೆಟ್ರೋಲ್ ಜೀಪೊಂದು ಏದುಸಿರು ಬಿಡುತ್ತದೆಯೆನ್ನೋಣ. ಅದಕ್ಕೆ ಟರ್ಬೋ ಜೋಡಿಸುವುದೋ, ಎಂಜಿನ್ನನ್ನೇ ಬದಲಿಸುವುದೋ?

ಮೊದಲು ಲೆಕ್ಕ ನೋಡೋಣ. 1500 ಕಿಲೋಗ್ರಾಂ ತೂಗುವ ಜೀಪು ಹತ್ತಕ್ಕೊಂದರಂತೆ ಏರುವ ದಾರಿಯಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದಿಂದ ಸಾಗಿದರೆ, ಸೆಕೆಂಡಿಗೆ ಒಂದು ಮೀಟರ್ ಮೇಲೇರಿದಂತಾಯಿತು. ಗುರುತ್ವವನ್ನು ಗೆಲ್ಲಲು ಬೇಕಾದುದು ಸುಮಾರು 20 ಅಶ್ವಶಕ್ತಿ ಮಾತ್ರ. ಸ್ವಸ್ಥವಾದ ಹಳೆಯ ಎಂಜಿನ್ನೂ ಇದನ್ನು ಪೂರೈಸೀತು!

ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಹೊಗೆಯೊಡನೆ ಹೊರಟುಹೋಗುವುದಷ್ಟೆ. ಆ ಹೊಗೆಯಿಂದಲೇ ಪುಟ್ಟ ಚಕ್ರವನ್ನು ತಿರುಗಿಸಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದನು. ಗಾಳಿ ಹೆಚ್ಚಿದರೆ ಹೆಚ್ಚು ಇಂಧನ ಉರಿಯುತ್ತದೆ, ಶಕ್ತಿಯೂ ಹೆಚ್ಚುತ್ತದೆ. ಆದರೆ ಒತ್ತಿದ ಗಾಳಿ ಕಾಯುತ್ತದೆ; ಸೈಕಲ್ ಪಂಪಿನ ತುದಿಯನ್ನು ಮುಟ್ಟಿದವರು ಇದನ್ನು ಬಲ್ಲರು. ಪೆಟ್ರೋಲ್ ಎಂಜಿನ್ನಿನಲ್ಲಿ ಆ ಶಾಖದಿಂದ ಮಿಶ್ರಣವು ತಾನಾಗಿಯೇ ಹೊತ್ತಿ, ಪಿಸ್ಟನ್ನನ್ನು ಕುಟ್ಟಿ ಕೆಡಿಸಬಹುದು. ಆದುದರಿಂದ ಟರ್ಬೋವಿನ ಬೆಲೆಯೊಡನೆ ಗಾಳಿಯನ್ನು ತಣಿಸುವ ಸಲಕರಣೆ, ಎಣ್ಣೆಯ ಕೊಳವೆ, ಕೆಲವೊಮ್ಮೆ ಹೊಸ ಪಿಸ್ಟನ್ನುಗಳ ಬೆಲೆಯನ್ನೂ ಕೂಡಿಸಬೇಕು. ಸವೆದ ಎಂಜಿನ್ನಿಗೆ ಇಷ್ಟನ್ನು ಸುರಿಯುವುದು ಅವಿವೇಕವೆಂದೇ ನಮ್ಮ ಮತ.

ಬೇರೆ ಜಾತಿಯ ಎಂಜಿನ್ ಕೂರಿಸಿದರೆ ಆಸರೆ, ಕ್ಲಚ್, ರೇಡಿಯೇಟರುಗಳ ಖರ್ಚು ಬೆನ್ನಟ್ಟಿ ಬರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ ಕಟ್ಟುಪಾಡುಗಳನ್ನೂ ಮೊದಲೇ ವಿಚಾರಿಸಬೇಕು.

ನಾವಾದರೋ ಮೊದಲು ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯಿಸುತ್ತೇವೆ. ಅದು ತಗ್ಗಿದ್ದರೆ ಉಂಗುರಗಳನ್ನೂ ಕವಾಟಗಳನ್ನೂ ಸರಿಪಡಿಸಿ, ಮತ್ತೊಮ್ಮೆ ಅಣಶಿಯನ್ನು ಏರಿ ನೋಡುತ್ತೇವೆ.