ಗುಪ್ತೋಷ್ಣ: ಅಡಗಿ ಕುಳಿತ ಕಾವು

ಒಲೆಯ ಮೇಲೆ ಅನ್ನದ ಎಸರು ಕೊತಕೊತನೆ ಕುದಿಯುತ್ತಿದೆ ಎಂದಿಟ್ಟುಕೊಳ್ಳಿ. ಉರಿಯನ್ನು ಇನ್ನೂ ದೊಡ್ಡದು ಮಾಡಿದರೆ ನೀರಿನ ಬಿಸಿ ಏರುವುದೇ? ಏರುವುದೆಂದೇ ಬಹುಮಂದಿಯ ನಂಬಿಕೆ. ಉಷ್ಣಮಾಪಕವನ್ನು ಅದ್ದಿ ನೋಡಿದರೆ ಸಂಗತಿ ಬೇರೆ. ಕಡಲ ತಡಿಯ ಮಂಗಳೂರಿನಲ್ಲಿ ನೀರು ಸುಮಾರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಸುಮಾರು 3000 ಅಡಿ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಮೆಯಾದುದರಿಂದ 97 ಡಿಗ್ರಿಯ ಸುಮಾರಿನಲ್ಲೇ ಕುದಿಯುತ್ತದೆ. ಒಮ್ಮೆ ಕುದಿ ಬಂದಮೇಲೆ, ತೆರೆದ ಪಾತ್ರೆಯಲ್ಲಿ ಎಷ್ಟು ಉರಿ ಹಾಕಿದರೂ ಪಾದರಸ ಅಲ್ಲಿಂದ ಮೇಲೇರದು.

ಹಾಗಾದರೆ ಹಾಕಿದ ಶಾಖವೆಲ್ಲ ಎಲ್ಲಿ ಹೋಯಿತು?

ಘನ, ದ್ರವ, ಅನಿಲ ಎಂಬುವು ವಸ್ತುವಿನ ಮೂರು ಪರಿಚಿತ ಸ್ಥಿತಿಗಳು. ಮಂಜುಗಡ್ಡೆ, ನೀರು, ಹಬೆ ಮೂರರಲ್ಲಿಯೂ ಇರುವ ಅಣುಗಳು ಅವೇ. ಗಡ್ಡೆಯಲ್ಲಿ ಅವು ತಂತಮ್ಮ ಸ್ಥಾನದಲ್ಲೇ ನಿಂತು ಕಂಪಿಸುತ್ತವೆ. ನೀರಿನಲ್ಲಿ ಒಂದರ ಸಂಗವನ್ನೊಂದು ಬಿಡದೆ ಜಾರಾಡುತ್ತವೆ. ಹಬೆಯಲ್ಲಿ ಬಂಧ ಕಳಚಿಕೊಂಡು ಹಾರಾಡುತ್ತವೆ. ಆ ಬಂಧವನ್ನು ಬಿಡಿಸುವುದಕ್ಕೆ ಶಾಖ ವೆಚ್ಚವಾಗುತ್ತದೆ. ಹೀಗೆ ವೆಚ್ಚವಾದುದು ಉಷ್ಣಮಾಪಕದಲ್ಲಿ ಕಾಣದಾದ್ದರಿಂದ ಅದಕ್ಕೆ ಗುಪ್ತೋಷ್ಣವೆಂದು ಹೆಸರು. ಗುಪ್ತ, ಉಷ್ಣ ಎಂಬೆರಡು ಪದಗಳು ಗುಣಸಂಧಿಯಿಂದ ಕೂಡಿ ಆದ ಮಾತಿದು.

ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಅಧ್ಯಾಪಕನಾಗಿದ್ದ ಜೋಸೆಫ್ ಬ್ಲ್ಯಾಕ್ 1760ರ ದಶಕದ ಮೊದಲ ವರ್ಷಗಳಲ್ಲಿ ಈ ತತ್ತ್ವವನ್ನು ತನ್ನ ವಿದ್ಯಾರ್ಥಿಗಳಿಗೆ ಬೋಧಿಸಿದನು. ಆತನ ತರ್ಕ ಸರಳವಾದುದು. ಕರಗುವುದಕ್ಕೆ ಹೆಚ್ಚು ಶಾಖ ಬೇಡವಾಗಿದ್ದರೆ, ಚಳಿಗಾಲ ಕಳೆದು ಬಿಸಿಲು ತಾಗಿದೊಡನೆ ಬೆಟ್ಟದ ಹಿಮವೆಲ್ಲ ಒಮ್ಮೆಗೇ ನೀರಾಗಿ ಊರುಗಳನ್ನು ಕೊಚ್ಚಿಕೊಂಡು ಹೋಗಬೇಕಾಗಿತ್ತು. ಹಾಗಾಗದೆ ಹಿಮವು ವಾರಗಟ್ಟಲೆ ಮೆಲ್ಲಮೆಲ್ಲನೆ ಕರಗುತ್ತದೆ.

ಇದರ ಲೆಕ್ಕವನ್ನಿಷ್ಟು ನೋಡಿ. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖ ಒಂದು ಕ್ಯಾಲರಿ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆ ಅದೇ ಉಷ್ಣತೆಯ ನೀರಾಗಲು 80 ಕ್ಯಾಲರಿ ಬೇಕು. ಆ ನೀರು 100 ಡಿಗ್ರಿಗೆ ಏರಲು 100 ಕ್ಯಾಲರಿ. ಕುದಿಯುವ ಆ ನೀರೆಲ್ಲ ಹಬೆಯಾಗಲು ಸುಮಾರು 540 ಕ್ಯಾಲರಿ! ಹಬೆ ತಿರುಗಿ ನೀರಾಗುವಾಗ ಈ ಸಾಲವನ್ನು ಪೂರ್ತಿ ಹಿಂದಿರುಗಿಸುತ್ತದೆ.

ಅಡಿಗೆಮನೆಯಲ್ಲಿ ಎಚ್ಚರವಿರಬೇಕಾದುದು ಇಲ್ಲಿಯೇ. ಒಂದು ಗ್ರಾಂ ಕುದಿನೀರು ಮೈಯ ಬಿಸಿಗೆ ಇಳಿಯುವಷ್ಟರಲ್ಲಿ ಬಿಟ್ಟುಕೊಡುವುದು 63 ಕ್ಯಾಲರಿ. ಅಷ್ಟೇ ಹಬೆ ಚರ್ಮದ ಮೇಲೆ ನೀರಾಗಿ ತಣಿಯುವಾಗ ಸುಮಾರು 600 ಕ್ಯಾಲರಿಯನ್ನು ಅಲ್ಲಿಯೇ ಸುರಿಯುತ್ತದೆ. ಮೇಲಾಗಿ ನಿಜವಾದ ಹಬೆ ಕಣ್ಣಿಗೆ ಕಾಣದು. ನಾವು ಕಾಣುವ ಬಿಳಿಯ ಮೋಡ ಆಗಲೇ ತಣಿದ ಸಣ್ಣ ಹನಿಗಳ ರಾಶಿ. ಆದುದರಿಂದ ಇಡ್ಲಿ ಪಾತ್ರೆಯ ಮುಚ್ಚಳವನ್ನು ನಿಮ್ಮಿಂದ ಆಚೆಯ ಬದಿಗೆ ಮೊದಲು ಎತ್ತಿ. ಕುಕ್ಕರಿನೊಳಗೆ ಒತ್ತಡ ಹೆಚ್ಚಿ ಉಷ್ಣತೆ 120 ಡಿಗ್ರಿಯ ಹತ್ತಿರಕ್ಕೆ ಏರಿರುತ್ತದೆ. ಒತ್ತಡ ತಾನಾಗಿ ಇಳಿಯುವವರೆಗೆ ಅದನ್ನು ತೆರೆಯಬೇಡಿ. ಹಬೆ ತಾಗಿಯೇಬಿಟ್ಟರೆ ಕೂಡಲೆ ಬಳೆ, ಉಂಗುರ ತೆಗೆದು, ಆ ಭಾಗವನ್ನು ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಿರಿ. ಬೆಣ್ಣೆ, ಶಾಯಿ, ಮಂಜುಗಡ್ಡೆ ಯಾವುದೂ ಬೇಡ. ಬೊಬ್ಬೆ ಎದ್ದರೆ ವೈದ್ಯರಲ್ಲಿಗೆ ಹೋಗಿ.

ಇನ್ನು ಮೊದಲಿನ ಎಸರಿಗೆ ಬರೋಣ. ಅಕ್ಕಿಯನ್ನು ಬೇಯಿಸುವುದು ನೀರಿನ ಬಿಸಿಯೇ ಹೊರತು ಅದರ ಆರ್ಭಟವಲ್ಲ. ಉಕ್ಕಿ ಮಳ್ಳುವ ನೀರಿಗೂ ಸಣ್ಣಗೆ ಕುದಿಯುವ ನೀರಿಗೂ ಉಷ್ಣತೆ ಒಂದೇ. ಕುದಿ ಬಂದೊಡನೆ ಉರಿ ತಗ್ಗಿಸಿ, ತಟ್ಟೆ ಮುಚ್ಚಿಡಿ. ಅನ್ನ ಅಷ್ಟೇ ಹೊತ್ತಿನಲ್ಲಿ ಬೇಯುತ್ತದೆ. ಸೌದೆಯಾಗಲಿ ಗ್ಯಾಸಾಗಲಿ, ತಿಂಗಳ ಕೊನೆಗೆ ಒಂದಿಷ್ಟು ಉಳಿಯುತ್ತದೆ.