ಅಂಗಿ ತೊಡುವಾಗ ಭುಜ ನೋಯುತ್ತಿದೆಯೇ?

ಮನೆಗಳ ಭೇಟಿಗೆ ಹೋದಾಗ ನಾವು ಮತ್ತೆ ಮತ್ತೆ ಕೇಳುವ ದೂರೊಂದಿದೆ. "ದೋಟಿ ಹಿಡಿಯುವುದು ಹಾಗಿರಲಿ ಫಾದರ್, ಅಂಗಿಯ ತೋಳಿಗೆ ಕೈ ಹಾಕಲಿಕ್ಕೂ ಆಗುವುದಿಲ್ಲ" ಎನ್ನುತ್ತಾರೆ ಗಂಡಸರು. ಹೆಂಗಸರಿಗೆ ಜಡೆ ಹೆಣೆಯುವುದು, ಸೆರಗು ಹೊದೆಯುವುದು ಕಷ್ಟ. ಕೆಲವು ವರ್ಷಗಳ ಹಿಂದೆ ಪೂಜಾವಸ್ತ್ರ ತೊಡಲು ನಮಗೂ ಇನ್ನೊಬ್ಬರ ನೆರವು ಬೇಕಾಗಿತ್ತು. ವಿಶ್ರಾಂತಿ ಕೊಟ್ಟರೆ ಸರಿಹೋದೀತೆಂದು ನಾಲ್ಕು ತಿಂಗಳು ಕೈ ಆಡಿಸದೆ ಇದ್ದೆವು. ಅದೇ ನಾವು ಮಾಡಿದ ತಪ್ಪು.

ಭುಜದ ಕೀಲನ್ನು ಚೀಲದಂಥ ಹೊದಿಕೆಯೊಂದು ಸುತ್ತಿರುತ್ತದೆ. ಅದು ಉರಿಯೂತದಿಂದ ದಪ್ಪವಾಗಿ ಕುಗ್ಗಿದರೆ ಕೈ ಮೇಲೇಳದು, ಬೆನ್ನ ಹಿಂದೆ ಹೋಗದು. ಇದಕ್ಕೆ 'ಫ್ರೋಜನ್ ಶೋಲ್ಡರ್' ಎಂದು ಹೆಸರು. 40ರಿಂದ 60ರ ಪ್ರಾಯದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಮೊದಲು ನೋವು, ಬಳಿಕ ಬಿಗಿತ, ಕೊನೆಗೆ ನಿಧಾನವಾಗಿ ಸಡಿಲಿಕೆ. ಇದು 1ರಿಂದ 3 ವರ್ಷ ಎಳೆಯಬಹುದು. ಭುಜದ ನೋವೆಲ್ಲ ಇದೇ ಅಲ್ಲ. ಕೈಯೆತ್ತಿ ದುಡಿಯುವವರಲ್ಲಿ ಸ್ನಾಯುರಜ್ಜು ಸವೆದೂ ನೋವು ಬರುತ್ತದೆ. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ, ಸಕ್ಕರೆಯ ಪರೀಕ್ಷೆಯನ್ನೂ ಮಾಡಿಸಿರಿ.

ಫಿಸಿಯೋಥೆರಪಿಯವರು ಸಾಮಾನ್ಯವಾಗಿ ಕಲಿಸುವ ಸಾಧನೆಗಳು ಮನೆಯಲ್ಲೇ ಮಾಡುವಂಥವು. 10 ನಿಮಿಷ ಬಿಸಿ ಶಾಖ ಕೊಟ್ಟು ಆರಂಭಿಸಿರಿ.

1. ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಬಾಗಿ, ನೋಯುವ ಕೈಯನ್ನು ಜೋತುಬಿಟ್ಟು ಗಡಿಯಾರದ ಲೋಲಕದಂತೆ ಮೆಲ್ಲನೆ ತೂಗಿರಿ.

2. ಗೋಡೆಗೆ ಮುಖಮಾಡಿ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ನಡೆಸುತ್ತಾ ಕೈ ಏರಿಸಿರಿ. ಇಂದು ತಲುಪಿದಲ್ಲಿಗೆ ಒಂದು ಗೆರೆ ಎಳೆದಿಡಿ.

3. ಬೈರಾಸನ್ನು ಬೆನ್ನ ಹಿಂದೆ ಎರಡೂ ಕೈಗಳಿಂದ ಹಿಡಿದು, ಒಳ್ಳೆಯ ಕೈಯಿಂದ ನಿಧಾನ ಮೇಲಕ್ಕೆ ಎಳೆಯಿರಿ.

ಪ್ರತಿಯೊಂದನ್ನೂ ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ ಮಾಡಬಹುದು. ಸ್ವಲ್ಪ ಎಳೆತ ಸಹಜ. ತೀವ್ರ ನೋವಾದರೆ ನಿಲ್ಲಿಸಿರಿ. ಬಲವಂತದಿಂದ ಕೈ ತಿರುಚಿಸಿಕೊಳ್ಳುವುದು ಬೇಡ.

ಬಟ್ಟೆ ತೊಡುವ ಕ್ರಮ ನೆನಪಿರಲಿ: ನೋಯುವ ಕೈ ಮೊದಲು ತೋಳಿನೊಳಗೆ, ಕಳಚುವಾಗ ಅದೇ ಕೊನೆಗೆ. ಕುಳಿತು ತೊಡಿರಿ. ಮುಂದೆ ಗುಂಡಿಯಿರುವ ಸಡಿಲ ಅಂಗಿ, ಮುಂದೆ ಹುಕ್ಕಿರುವ ರವಿಕೆ ಅನುಕೂಲ.

ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ, ಜ್ವರದೊಂದಿಗೆ ಭುಜ ಕೆಂಪಾಗಿ ಊದಿದರೆ ತಡಮಾಡಬೇಡಿ. ಭುಜದ ನೋವಿನೊಂದಿಗೆ ಎದೆ ಬಿಗಿದು ಬೆವರಿದರೆ ಅದು ಹೃದಯದ ತೊಂದರೆಯಾಗಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿರಿ.

ಗೋಡೆಯ ಮೇಲಿನ ನಮ್ಮ ಗೆರೆ ಭುಜದ ಮಟ್ಟದಿಂದ ತಲೆಯ ಮೇಲಕ್ಕೆ ಏರಲು ಎಂಟು ತಿಂಗಳು ಹಿಡಿಯಿತು. ಈಗ ಪೂಜಾವಸ್ತ್ರವನ್ನು ನಾವೇ ತೊಡುತ್ತೇವೆ.